ಬಾತುರಾಯರು

ನಮ್ಮ ಬೀದಿಯಲ್ಲಿ ಇಬ್ಬರು ಬಾತುರಾಯರಿದ್ದಾರೆ. ಒಬ್ಬರು ಮದುವೆ ಮುಂಜಿಗಳ ಅಡುಗೆ ಕಂಟ್ರಾಕ್ಟು ಹಿಡಿಯುವವರು. ಅವರ ವಾಂಗಿಬಾತು ತಿನ್ನಲೆಂದೇ ದೂರದ ನೆಂಟರ ಮದುವೆಗೂ ಹೋಗುವವರಿದ್ದಾರೆ. ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕೆರೆಯ ಬಾತುಗಳ ಫೋಟೊ ಹಿಡಿಯುವವರು. ಮನೆ ಕೇಳಿಕೊಂಡು ಬಂದವರಿಗೆ ‘ತಿನ್ನುವ ಬಾತೋ, ತೇಲುವ ಬಾತೋ?’ ಎಂದು ವಿಚಾರಿಸಿಯೇ ನಾವು ದಾರಿ ತೋರಿಸುವುದು.

ತೇಲುವ ಬಾತಿನವರನ್ನು ನೀವೂ ನೋಡಿಯೇ ಇರುತ್ತೀರಿ. ಕುಕ್ಕರಹಳ್ಳಿಯಾಗಲಿ, ಲಿಂಗಾಂಬುಧಿಯಾಗಲಿ, ಬೆಳಿಗ್ಗೆ ಆರೂವರೆಗೆ ಕೆರೆ ಏರಿಯ ಮೇಲೆ ಇಂಥವರೊಬ್ಬರು ನಿಂತಿರುತ್ತಾರೆ. ಮೈಮೇಲೆ ಎಲೆ ಚಿತ್ತಾರದ ಮಿಲಿಟರಿ ಅಂಗಿ, ಅದರ ಮೇಲೆ ಎಣಿಸಲಾರದಷ್ಟು ಜೇಬುಗಳ ಕೋಟು, ಹೆಗಲ ಮೇಲೆ 600 ಮಿಲಿಮೀಟರಿನ ಲೆನ್ಸು. ಮೊಮ್ಮಗನನ್ನು ಎತ್ತಿಕೊಳ್ಳಿ ಎಂದರೆ ಸೊಂಟ ಹಿಡಿದಿದೆ ಎನ್ನುವ ರಾಯರು, ಎರಡು ಕಿಲೋ ಮೀರಿದ ಆ ಲೆನ್ಸನ್ನು ಮೂರು ಗಂಟೆ ಕಾಲ ಹೆಗಲಿಂದ ಇಳಿಸುವುದಿಲ್ಲ. ಗ್ರಾಚ್ಯುಟಿ ದುಡ್ಡಿನಲ್ಲಿ ಮಹಡಿ ಏಳಬೇಕಿತ್ತು, ಲೆನ್ಸು ಎದ್ದಿತು. ಕೆಲಸದಲ್ಲಿದ್ದಾಗ ತಿಂಗಳಿಗೆರಡು ಬಾರಿ ಮೀಸೆಗೆ ಕರಿ ಹಚ್ಚುತ್ತಿದ್ದವರು ಈಗ ಅದನ್ನೂ ಬಿಟ್ಟಿದ್ದಾರೆ. ಬಣ್ಣದ ಯೋಚನೆಯೆಲ್ಲ ಈಗ ಬಾತಿನ ಪಾಲು.

ಅವರ ಮನೆಯ ಪಂಚಾಂಗಕ್ಕೆ ಇಬ್ಬರು ಓದುಗರು. ರಾಹುಕಾಲವನ್ನು ಅಕ್ಕ ನೋಡುತ್ತಾರೆ, ಸೂರ್ಯೋದಯವನ್ನು ರಾಯರು. (ರಾಯರ ಮಡದಿಯನ್ನು ನಾನು ಅಕ್ಕ ಅನ್ನುವುದು.) ಆದರೂ ರಾಯರಿಗೆ ತಮ್ಮದೇ ಒಂದು ರಾಹುಕಾಲವಿದೆ, ಅದು ದಿನಾ ಹತ್ತಕ್ಕೆ ಹಿಡಿದು ಮೂರೂವರೆಗೆ ಬಿಡುತ್ತದೆ. ಆ ಹೊತ್ತಿನಲ್ಲಿ ಬಿಸಿಲು ನೆತ್ತಿಯ ಮೇಲಿಂದ ಬೀಳುತ್ತದೆ, ಬಾತಿನ ಬೆನ್ನು ಬೆಳಗಿ ಹೊಟ್ಟೆ ಕತ್ತಲಾಗುತ್ತದೆ, ಬಿಳಿ ಗರಿ ‘ಸುಟ್ಟುಹೋಗುತ್ತದೆ’. ದೂರದ ಹಕ್ಕಿ ಬಿಸಿಗಾಳಿಯಲ್ಲಿ ಕುದಿವ ಸಾರಿನೊಳಗಿನ ಟೊಮೆಟೊ ಹಾಗೆ ನಡುಗುತ್ತದೆ. ಸೂರ್ಯ ಬೆನ್ನ ಹಿಂದಿರಬೇಕು, ನಮ್ಮ ನೆರಳು ನೇರ ಬಾತಿನ ಕಡೆಗೆ ಚಾಚಿರಬೇಕು, ಹಕ್ಕಿಯ ಕಣ್ಣಲ್ಲಿ ಬೆಳಕಿನ ಒಂದು ಚುಕ್ಕೆ ಕೂತಿರಬೇಕು: ಇದು ರಾಯರ ತ್ರಿಕಾಲ ಸಂಧ್ಯಾವಂದನೆ.

ಫಿಲ್ಮ್ ಕಾಲದ ಸೂತ್ರವೊಂದನ್ನೂ ಅವರು ಸತ್ಯನಾರಾಯಣ ಪೂಜೆಯ ಪ್ರಸಾದದ ಸಾಲಿನಲ್ಲೂ ಹೇಳಬಲ್ಲರು. “ಖಡಕ್ ಬಿಸಿಲಿದ್ದರೆ ಅಪರ್ಚರ್ ಎಫ್ ಹದಿನಾರು ಇಡು. ಐಎಸ್‌ಒ ನೂರಾದರೆ ಶಟರ್ ನೂರನೇ ಒಂದು ಸೆಕೆಂಡು. ಮೀಟರೇ ಬೇಡ!” ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಫೋಟೊಗಳ ಮೇಲೆ ಅವರಿಗೆ ಅಪಾರ ಭಕ್ತಿ. ಫಿಲ್ಮ್ ರೋಲಿಗೆ 36 ಚಿತ್ರ, ಒಂದೊಂದಕ್ಕೂ ಕಾಯಬೇಕಿತ್ತು. ರಾಯರ ಕ್ಯಾಮೆರಾ ಆ 36ನ್ನು ಎರಡು ಸೆಕೆಂಡಿನೊಳಗೆ ಮುಗಿಸುತ್ತದೆ. ಕಾಯುವ ಭಾಗ ಈಗ ಅವುಗಳನ್ನು ನೋಡಬೇಕಾದ ನಮ್ಮ ಪಾಲಿಗೆ ಬಂದಿದೆ.

“ಬಾತಿನ ತಲೆಯಲ್ಲಿ ಹಸಿರು ಅನ್ನೋದೇ ಇಲ್ಲ, ಗೊತ್ತೇನಯ್ಯ?” ಎಂದರು ಒಮ್ಮೆ, ಕಳೆದ ಜನವರಿಯ ಫೋಟೊ ತೋರಿಸುತ್ತ. ಅದು ಶೊವೆಲರ್, ಸಲಿಕೆಯಂಥ ಕೊಕ್ಕಿನ ಬಾತು. ಬಿಳಿ ಎದೆ, ಇಟ್ಟಿಗೆ ಬಣ್ಣದ ಪಕ್ಕೆ, ತಲೆ ಅಪ್ಪಟ ಬಾಟಲಿ ಹಸಿರು. ಇಲ್ಲ ಎಂದು ಹೇಗೆ ಒಪ್ಪಲಿ? ರಾಯರು ವಿವರಿಸಿದರು. ಆ ಹಸಿರು ಯಾವ ಬಣ್ಣದ ಪುಡಿಯಿಂದಲೂ ಬಂದದ್ದಲ್ಲ. ಗರಿಯೊಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರಗಳಿವೆ; ಬೆಳಕು ಅವುಗಳಿಗೆ ತಾಗಿ ಮರಳುವಾಗ ಹಸಿರಾಗುತ್ತದೆ. ಕೋನ ಚೂರು ತಪ್ಪಿದರೆ ಅದೇ ತಲೆ ನೇರಳೆ, ಇನ್ನೂ ತಪ್ಪಿದರೆ ಇದ್ದಿಲು.

ಕಾಫಿ ತಂದಿಟ್ಟ ಅಕ್ಕ ಅಂದರು: “ಇದನ್ನ ಕಲಿಯೋಕೆ ಕೆರೆಗೆ ಹೋಗ್ಬೇಕಿತ್ತೇನ್ರೀ? ಅಂಗಡಿ ಟ್ಯೂಬ್‌ಲೈಟಲ್ಲಿ ಹಸಿರು ಅಂತ ತಂದ ಸೀರೆ ಮನೇಲಿ ಕಪ್ಪಾಗಿರುತ್ತೆ. ಅದಕ್ಕೇ ನಾವು ಸೆರಗನ್ನ ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡೋದು.” ರಾಯರು ಕೇಳಿಸಿಕೊಳ್ಳದವರಂತೆ ಕಾಫಿ ಕುಡಿದರು. ಮುಂದಿನ ಭಾನುವಾರ ಕೆರೆ ಏರಿಯ ಮೇಲೆ ಹೊಸಬನೊಬ್ಬನಿಗೆ, “ಬಾತನ್ನ ಹೇಗೆ ನೋಡ್ಬೇಕು ಅಂದ್ರೆ, ಸೆರಗನ್ನ ಬಿಸಿಲಿಗೆ ಹಿಡಿದ ಹಾಗೆ” ಎಂದು ಪಾಠ ಹೇಳುತ್ತಿದ್ದರು. ಅದೇ ಅಕ್ಕನಿಗೆ ಪಾಸ್‌ಪೋರ್ಟಿಗೆ ಫೋಟೊ ಬೇಕಾದಾಗ ಮಾತ್ರ ಬೀದಿ ಕೊನೆಯ ಸ್ಟುಡಿಯೋಗೆ ಕಳಿಸಿದರು. ಮನೆಯೊಳಗೆ ಬೆಳಕು ಸಾಲದಂತೆ.

ಈ ನವೆಂಬರಿನಲ್ಲಿ ಟ್ರೈಪಾಡ್ ಹೊರಲು ನನ್ನನ್ನು ಕರೆದುಕೊಂಡು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೊರಟರು. “ಎಫ್ ಹದಿನಾರಿಗೆ ಹದಿನಾರೇ ಸರಿ” ಎಂದು ದಾರಿಯುದ್ದಕ್ಕೂ ತಾವೇ ನಕ್ಕರು. ನೀರಿನ ಮಟ್ಟಕ್ಕೆ ಕ್ಯಾಮೆರಾ ಇದ್ದರೆ ಚಿತ್ರ ಸೊಗಸು ಎಂದು ದಡದ ಕೆಸರಿನಲ್ಲಿ ಬೋರಲು ಬಿದ್ದುಕೊಂಡರು. ಐದು ನಿಮಿಷವಾಗಿಲ್ಲ, ಎಮ್ಮೆ ಹೊಡೆದುಕೊಂಡು ಬಂದ ಅಜ್ಜ ಓಡೋಡಿ ಬಂದ. “ಬುದ್ದೀ, ಏನಾಯ್ತು? ತಲೆ ತಿರುಗ್ತಾ? ನೀರ್ ತಕಬರ್ಲಾ?” ರಾಯರು ತುಟಿಯ ಮೇಲೆ ಬೆರಳಿಟ್ಟು ಲೆನ್ಸು ತೋರಿಸಿದರು. ಅಜ್ಜನ ಮುಖ ಬಿಗಿಯಿತು. “ಒತ್ತುವರಿ ಅಳೆಯೋಕ್ ಬಂದಿದ್ದೀರಾ?”

ಅಲ್ಲವೆಂದು ತಿಳಿದು ಅಜ್ಜ ನಿರಾಳವಾಗಿ ಎಮ್ಮೆಗಳನ್ನು ನೀರಿಗೆ ಬಿಟ್ಟ. ನಾಲ್ಕೂ ಎಮ್ಮೆಗಳು ಬಾತಿನ ಹಿಂಡಿನ ನಡುವೆಯೇ ನಡೆದವು. ಒಂದು ಬಾತೂ ಕದಲಲಿಲ್ಲ. ಎಲೆ ಚಿತ್ತಾರದ ಅಂಗಿಯಲ್ಲಿ ನಮ್ಮ ರಾಯರು ತಲೆ ಎತ್ತಿದ್ದೇ ತಡ, ಅರ್ಧ ಹಿಂಡು ಎದ್ದಿತು. “ಎಮ್ಮೆ ಹೋದ್ರೆ ಏಳಾಕಿಲ್ಲ ಬುದ್ದಿ, ನಿಮ್ಮನ್ನ ಕಂಡ್ರೆ ಏಳ್ತವೆ” ಎಂದ ಅಜ್ಜ. ಅದರಲ್ಲಿ ಹಂಗಿಸುವ ಧಾಟಿ ಇರಲಿಲ್ಲ, ಅದೇ ಹೆಚ್ಚು ನೋವಾಯಿತು.

ಉಳಿದ ಬಾತುಗಳು ಮೇಯತೊಡಗಿದವು. ಆಳವಿಲ್ಲದ ನೀರಿನಲ್ಲಿ ಮೇಯುವ ಬಾತು ಮುಳುಗುವುದಿಲ್ಲ. ತಲೆ ಕೆಳಗೆ ಮಾಡಿ ಬಾಲವನ್ನು ಆಕಾಶಕ್ಕೆ ಹಿಡಿಯುತ್ತದೆ. ಒಂಬತ್ತು ಗಂಟೆಯ ಚಿನ್ನದ ಬಿಸಿಲಿನಲ್ಲಿ ರಾಯರಿಗೆ ಏಳುನೂರು ಪೃಷ್ಠಗಳು ದೊರೆತವು. ತಲೆ ಎತ್ತಿದ ಒಂದೆರಡರಲ್ಲೂ ಕ್ಲಿಕ್ ಆಗುವ ಹೊತ್ತಿಗೆ ಕಣ್ಣಿನ ಮೇಲೆ ತೆಳು ಪೊರೆ ಸರಿದಿತ್ತು. “ಮಿಟುಕಿಸಿಬಿಡ್ತು!” ಎಂದು ಅಳಿಸಿದರು.

ನನ್ನ ಕಣ್ಣಿಗೆ ಎಲ್ಲವೂ ಮಣ್ಣಿನ ಬಣ್ಣವೇ. “ಎಲ್ಲ ಹೆಣ್ಣುಗಳಾ ರಾಯರೇ?” ಎಂದೆ. ರಾಯರು ಮಗುವಿಗೆ ಹೇಳುವವರ ಹಾಗೆ ಹೇಳಿದರು: ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡುಬಾತು ತನ್ನ ಠೀವಿಯನ್ನೆಲ್ಲ ಉದುರಿಸಿ ಹೆಣ್ಣಿನ ಹಾಗೆ ಮಂಕಾಗುತ್ತದೆ. ರೆಕ್ಕೆಯ ಗರಿಯೂ ಉದುರಿ ಕೆಲವು ವಾರ ಹಾರಲೂ ಆಗದು. ಆಗ ಹುಲ್ಲಿನಲ್ಲಿ ಅಡಗಿರಲು ಮಂಕು ಬಣ್ಣವೇ ಕ್ಷೇಮ. ರೆಕ್ಕೆ ಬಲಿತ ಮೇಲೆ ನಮ್ಮ ಕಡೆ ವಲಸೆ ಬರುತ್ತದೆ, ಮೈಬಣ್ಣ ಮಾತ್ರ ನಿಧಾನವಾಗಿ ಮರಳುತ್ತದೆ. “ಅದು ಗಂಡೇ ಕಣಯ್ಯ. ಬಣ್ಣ ಉದುರಿದೆ, ಅಷ್ಟೆ.” ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕನಿಗೂ ಇದೇ ಪಾಠ ಆಯಿತಂತೆ.

ಹೊರಡುವಾಗ ದೂರದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಕಂಡವು. ಹಿಮಾಲಯ ದಾಟಿ ಬಂದ ವೀರರು. ಆದರೆ ಬೂದು ಬಣ್ಣವಾದ್ದರಿಂದ ರಾಯರಿಗೆ ಅಷ್ಟಕ್ಕಷ್ಟೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡದ್ದಿದೆ ಎಂದರು. ಪಟ್ಟಿಯ ಮೇಲಿನ ಅಕ್ಷರ ಯಾರಾದರೂ ಓದಿ ತಿಳಿಸಿದರೆ ಹಕ್ಕಿ ಬದುಕಿದೆಯೆಂದು ಅಲ್ಲಿ ಗೊತ್ತಾಗುತ್ತದಂತೆ. “ಹೆಬ್ಬಾತಿನ ಲೈಫ್ ಸರ್ಟಿಫಿಕೇಟು” ಎಂದೆ. ರಾಯರು ಹಣೆ ಚಚ್ಚಿಕೊಂಡರು. ಪೆನ್ಷನ್‌ದಾರರೂ ತಾವು ಬದುಕಿದ್ದೇವೆಂದು ತೋರಿಸಿಕೊಳ್ಳಬೇಕಾದದ್ದು ನವೆಂಬರಿನಲ್ಲೇ. ಬಾತು ಬಂದ ಸಡಗರದಲ್ಲಿ ಅದು ಮರೆತಿತ್ತು.

ಮರುದಿನ ಹನ್ನೊಂದೂವರೆಗೆ ಅವರ ಮನೆಯಂಗಳದಲ್ಲಿ ಸೇರಿದೆವು. ಈಗ ಮೊಬೈಲಿಗೆ ಮುಖ ತೋರಿಸಿದರೆ ಸಾಕು. ಫೋನು ಅಕ್ಕನ ಕೈಯಲ್ಲಿತ್ತು.

“ಬೆಳಕಿಗೆ ಬೆನ್ನು ಹಾಕಿದ್ದೀರಿ, ಮುಖ ಇದ್ದಿಲಾಗಿದೆ. ಸೂರ್ಯ ನನ್ನ ಬೆನ್ನ ಹಿಂದಿರಬೇಕು ತಾನೆ? ಈ ಕಡೆ ಬನ್ನಿ.”

ರಾಯರು ಬಂದರು.

“ಬೋಳುತಲೆ ಸುಟ್ಟುಹೋಯ್ತು. ನಿಮ್ಮ ರಾಹುಕಾಲ ಇದು. ಆ ಸಂಪಿಗೆ ನೆರಳಿಗೆ ನಡೀರಿ.”

ರಾಯರು ನಡೆದರು. ಆ್ಯಪು ಕಣ್ಣು ಮಿಟುಕಿಸಲು ಹೇಳಿತು. ಬಿಸಿಲಿಂದ ಬಂದ ರಾಯರು ಎರಡೂ ಕಣ್ಣು ಮುಚ್ಚಿದವರು ಬಿಡಲೇ ಇಲ್ಲ.

“ಮಿಟುಕಿಸೋದು ಅಂದ್ರೆ ನಿದ್ದೆ ಮಾಡೋದಲ್ಲ ರೀ. ಹಾಂ, ಈಗ ಕಣ್ಣಲ್ಲಿ ಚುಕ್ಕೆ ಬಂತು. ಅಲ್ಲಾಡಬೇಡಿ.”

ಅಷ್ಟು ವರ್ಷ ಬಾತುಗಳಿಗೆ ಆಗುತ್ತಿದ್ದುದು ರಾಯರ ಮುಖದಲ್ಲಿ ಕಾಣುತ್ತಿತ್ತು. ಫೋನಿನಲ್ಲಿ ಚಕ್ರ ತಿರುಗುತ್ತಲೇ ಇತ್ತು. ನನಗೆ ಅನುಮಾನ ಬಂತು. “ಅಕ್ಕಾ, ಆಧಾರ್ ಮಾಡಿಸಿದಾಗ ಮೀಸೆ ಕರ್ರಗಿತ್ತು. ಈಗ ನೋಡಿದ್ರೆ ಹೀಗೆ. ಇವರೇ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?”

ಅಕ್ಕ ಪರದೆಯಿಂದ ಕಣ್ಣೆತ್ತಲಿಲ್ಲ.

“ಗಂಡನೇ ಕಣಪ್ಪ. ಬಣ್ಣ ಉದುರಿದೆ, ಅಷ್ಟೆ.”