ರುಂಡ ಕ್ಯೋಟೋದ್ದು, ಮುಂಡ ಕೊರಿಯಾದ್ದು

ಬೇತಾಳ ವಿಕ್ರಮನ ಹೆಗಲೇರಿ ಕೇಳಿದ ಪ್ರಶ್ನೆಗಳಲ್ಲಿ ಒಂದು ಭಾರಿ ಪೇಚಿನದು. ಗಂಡನ ತಲೆ ಹೋಗಿ ಹೆಂಡತಿಯ ಅಣ್ಣನ ಮೈಗೆ, ಅಣ್ಣನ ತಲೆ ಬಂದು ಗಂಡನ ಮೈಗೆ ಕೂತುಬಿಟ್ಟರೆ ಆಕೆ ಯಾರನ್ನು ‘ರೀ’ ಅಂತ ಕರೆಯಬೇಕು? ಸೋಮದೇವನ ಕಥಾಸರಿತ್ಸಾಗರದಲ್ಲಿ ರಾಜ ಹೆಚ್ಚು ಯೋಚಿಸಲು ಹೋಗುವುದಿಲ್ಲ. ಅಂಗಗಳಲ್ಲಿ ತಲೆಯೇ ಮುಖ್ಯ, ಗಂಡನ ತಲೆ ಎಲ್ಲಿದೆಯೋ ಅವನೇ ಗಂಡ ಎಂದು ತೀರ್ಪು ಕೊಟ್ಟು ಬೇತಾಳವನ್ನು ವಾಪಸು ಮರ ಹತ್ತಿಸುತ್ತಾನೆ. 1940ರಲ್ಲಿ ಜರ್ಮನ್ ಲೇಖಕ ಥಾಮಸ್ ಮಾನ್ ಅಣ್ಣನ ಜಾಗಕ್ಕೆ ಗೆಳೆಯನನ್ನು ತಂದು ಅದನ್ನೇ ಕಾದಂಬರಿ ಮಾಡಿದ. ಆಮೇಲೆ ನಮ್ಮ ಗಿರೀಶ ಕಾರ್ನಾಡರು ‘ಹಯವದನ’ದಲ್ಲಿ ದೇವದತ್ತ, ಕಪಿಲರ ತಲೆ ಅದಲುಬದಲು ಮಾಡಿಸಿ ಪದ್ಮಿನಿಯನ್ನು ಇಕ್ಕಟ್ಟಿಗೆ ಸಿಕ್ಕಿಸಿದರು.

ಇಷ್ಟು ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡ ಸಮಸ್ಯೆ ನನ್ನ ತಂಗಿಯ ಮಗಳಿಗೆ ಸಮಸ್ಯೆಯೇ ಅಲ್ಲ. ಅವಳ ಕಪಾಟಿನಲ್ಲಿ ಇಂಥ ಅದಲುಬದಲಿನವರು ಸಾಲಾಗಿ, ಒಳ್ಳೊಳ್ಳೆ ಬಟ್ಟೆ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ.

“ತಲೆ ಯಾರದೋ ಹೆಸರು ಅವರದ್ದೇ ಮಾವ. ಮೈ ಅಂದ್ರೆ ಬರೀ ಮೈ.”

“ಬರೀ ಮೈಗೆ ಯಾಕೇ ಅಷ್ಟು ದುಡ್ಡು ಸುರಿದೆ?”

“ಅಯ್ಯೋ, ಕತ್ತು ಸರಿಹೋಗ್ಬೇಕಲ್ಲ!”

ಅಲ್ಲಿಗೆ ನನಗೆ ಈ ಹವ್ಯಾಸದ ಗುಟ್ಟು ಸಿಕ್ಕಿತು. ಕೀರ್ತಿ ತಲೆಗೆ, ಖರ್ಚು ಮೈಗೆ, ಗೋಳೆಲ್ಲ ಕತ್ತಿಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇವು ಬಿಜೆಡಿ, ಅಂದರೆ ಬಾಲ್ ಜಾಯಿಂಟ್ ಗೊಂಬೆಗಳು. ಆಡುವ ಮಕ್ಕಳ ಕೈಗೆ ಕೊಡುವಂಥವಲ್ಲ. ಆಟ ಮುಗಿಸಿ ಸಂಬಳ ಎಣಿಸುವ ವಯಸ್ಸಿನವರು ಕೂಡಿಡುವಂಥವು. ಪಾಲಿಯುರೆಥೇನ್ ರೆಸಿನ್‌ನಲ್ಲಿ ಎರಕ ಹೊಯ್ದ ಟೊಳ್ಳು ತುಂಡುಗಳು, ಕೀಲಿಗೊಂದು ಗುಂಡು, ಒಳಗೆ ಎಲಾಸ್ಟಿಕ್. ಈಗಿನ ಹುಚ್ಚು ಶುರುವಾದದ್ದು 1999ರಲ್ಲಿ. ಜಪಾನಿನ ಕ್ಯೋಟೋದ ವೋಕ್ಸ್ ಕಂಪನಿ ಸೂಪರ್ ಡಾಲ್ಫಿ ಎಂಬ ಹೆಸರಿನಲ್ಲಿ ನಾನಾ, ಕಿರಾ, ಸಾರಾ, ಮೆಗು ಎಂಬ ನಾಲ್ಕು ಹುಡುಗಿಯರನ್ನು ಹೊರತಂದಿತು, ತಲಾ 57 ಸೆಂಟಿಮೀಟರ್ ಎತ್ತರ. ಕೆಲವೇ ವರ್ಷಗಳಲ್ಲಿ ಕೊರಿಯಾದವರು ಕಣಕ್ಕಿಳಿದರು: ಲುಟ್ಸ್, ಫೇರಿಲ್ಯಾಂಡ್, ಐಪಲ್‌ಹೌಸ್, ಸೂಮ್. ಹಿಂದೆಯೇ ಚೀನಾದವರು ಬಂದರು. ಒಬ್ಬರು ಮುಖ ಕೆತ್ತುವುದರಲ್ಲಿ ನಿಸ್ಸೀಮರು, ಇನ್ನೊಬ್ಬರ ಮೊಣಕಾಲು ಎರಡು ಕಡೆ ಮಡಚುತ್ತದೆ, ಮತ್ತೊಬ್ಬರ ಗಂಡುಗೊಂಬೆಯ ತೋಳು ನೋಡಿದರೆ ಗರಡಿಮನೆಯ ಉಸ್ತಾದರಿಗೂ ನಾಚಿಕೆಯಾಗಬೇಕು. ಎಲ್ಲ ಚೆಂದವೂ ಒಂದೇ ಕಡೆ ಸಿಗುವುದಿಲ್ಲವಲ್ಲ. ಈ ಕಂಪನಿಯ ತಲೆ ಕೊಂಡು ಆ ಕಂಪನಿಯ ಮೈಗೆ ಕೂರಿಸುವ ಉಪಾಯ ಆಗ ಹುಟ್ಟಿತು. ಬಳಗದವರು ಅದನ್ನು ಹೈಬ್ರಿಡ್ ಅನ್ನುತ್ತಾರೆ. ಮೈ ಸಿಗದ ಒಂಟಿ ತಲೆಗೂ ಅವರಲ್ಲಿ ಹೆಸರುಂಟು: ತೇಲುವ ತಲೆ. ಪೂರ್ತಿ ಗೊಂಬೆಯನ್ನು ಇಬ್ಬರು ಸೇರಿ ಕೊಂಡು ತಲೆ ನಿನಗೆ, ಮೈ ನನಗೆ ಅಂತ ಹಂಚಿಕೊಳ್ಳುವುದೂ ಉಂಟು. ಪಾಲುಪಟ್ಟಿಯಲ್ಲಿ ಇಷ್ಟು ಸಮಾಧಾನ ನಮ್ಮ ಕಡೆಯ ಅಣ್ಣತಮ್ಮಂದಿರಲ್ಲಿ ನಾನು ಕಂಡಿಲ್ಲ.

ಕಂಡದ್ದು ಏನಿದ್ದರೂ ಸಂಬಂಧ ಹುಡುಕುವವರ ಗಡಿಬಿಡಿಯನ್ನು. ಜಾತಕ ಹಿಡಿದು ಗೋತ್ರ, ನಾಡಿ, ಗಣ ತಾಳೆ ನೋಡುವ ಮನೆಯಲ್ಲಿ ಹುಟ್ಟಿದ ಹುಡುಗಿ “ನಂಗೆ ಅದರಲ್ಲೆಲ್ಲ ನಂಬಿಕೆ ಇಲ್ಲ” ಅಂತ ತಾಯಿಯ ಮುಂದೆ ಖಡಾಖಂಡಿತವಾಗಿ ಹೇಳಿ, ಅದೇ ರಾತ್ರಿ ಒಂದು ರೆಸಿನ್ ತಲೆಗೆ ಮೈ ಹುಡುಕಲು ನಾಲ್ಕು ದೇಶದ ಅಳತೆಪಟ್ಟಿ ಹರಡಿಕೊಂಡು ಕೂರುತ್ತಾಳೆ. ಕತ್ತಿನ ಸುತ್ತಳತೆ ಎಷ್ಟು, ತಲೆಯ ಬುಡದ ತೂತು ಎಷ್ಟು ಅಗಲ, ಭುಜ ಎಷ್ಟು ಹರವು. ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಸಂಬಂಧ ಮುರಿಯಿತು. ತೂತು ದೊಡ್ಡದಾದರೆ ತಲೆ ಭುಜದೊಳಗೆ ಕುಸಿದು, ಸದಾ ಬೈಸಿಕೊಂಡವನ ಹಾಗೆ ಕಾಣುತ್ತದೆ. ಸಣ್ಣದಾದರೆ ಕತ್ತಿನ ತುದಿಯಲ್ಲಿ ಹತ್ತಿ ಕೂತು, ಯಾರು ಕರೆದರೂ ಗಿರ್ರನೆ ಹಿಂದಕ್ಕೆ ತಿರುಗುತ್ತದೆ. ತಲೆಯ ಗಾತ್ರದ ಪ್ರಶ್ನೆ ಬೇರೆ. ದೊಡ್ಡ ಗೊಂಬೆಯ ತಲೆಗೆ ಎಂಟರಿಂದ ಒಂಬತ್ತು ಇಂಚಿನ ವಿಗ್ಗು, ನಲವತ್ತು ಸೆಂಟಿಮೀಟರ್ ಆಸುಪಾಸಿನ ನಡುಗಾತ್ರದ್ದಕ್ಕೆ ಏಳರಿಂದ ಎಂಟು ಇಂಚಿನದು. ಅಂಗೈಯಗಲದ ಕಣ್ಣಿನ ಪುಟ್ಟ ಮುಖವನ್ನು ಎಪ್ಪತ್ತು ಸೆಂಟಿಮೀಟರಿನ ಪೈಲ್ವಾನನ ಮೈಮೇಲೆ ಕೂರಿಸಿದ ಫೋಟೋ ಒಮ್ಮೆ ತೋರಿಸಿದಳು. “ಹೇಗಿದೆ ಮಾವ?” ಅಂದಳು. ಹುಡುಗ ಒಳ್ಳೆಯವನೇ ಇರಬೇಕು ಅಂದೆ. ನಾವು ಹೆಣ್ಣು ನೋಡಲು ಹೋದಾಗ ಆಡುವ ಮಾತೂ ಅದೇ.

ಇನ್ನು ಬಣ್ಣ. ಅಲ್ಲಿ ನಿಜವಾದ ತಮಾಷೆ ಇರುವುದು. ಬಹುಪಾಲು ಕಂಪನಿಗಳ ಪಟ್ಟಿಯಲ್ಲಿ ‘ನಾರ್ಮಲ್ ಸ್ಕಿನ್’ ಎಂಬ ಬಣ್ಣವೊಂದು ಇರುತ್ತದೆ. ನಮ್ಮ ವಂಶದ ನಾಲ್ಕು ತಲೆಮಾರಿನ ಫೋಟೋ ತೆಗೆದು ನೋಡಿದರೂ ಆ ನಾರ್ಮಲ್ ಮೈಬಣ್ಣದ ಒಂದು ಪಿಳ್ಳೆ ಸಿಗಲಾರದು, ಅಷ್ಟು ತಿಳಿಗುಲಾಬಿ. ಹೋಗಲಿ, ನಾರ್ಮಲ್ ಅಂದಮೇಲೆ ಎಲ್ಲರದ್ದೂ ಒಂದೇ ಇರಬೇಕಲ್ಲವೇ? ಅದೂ ಇಲ್ಲ. ಒಬ್ಬರ ನಾರ್ಮಲ್ ಗುಲಾಬಿ ಕಡೆ ವಾಲಿದರೆ ಇನ್ನೊಬ್ಬರದು ಹಳದಿ ಕಡೆ ವಾಲುತ್ತದೆ. ಯಾರ ಬಿಳಿ ಯಾರ ಬಿಳಿಗೆ ಹೊಂದುತ್ತದೆ, ಯಾರ ಟ್ಯಾನ್ ಯಾರ ಟ್ಯಾನಿಗೆ ಹೊಂದುವುದಿಲ್ಲ ಅಂತ ಬಳಗದವರೇ ಪಂಚಾಂಗದಂಥ ಪಟ್ಟಿ ಬರೆದಿಟ್ಟುಕೊಂಡಿದ್ದಾರೆ. ಅದನ್ನು ನೋಡಿ ಕೊಂಡರೂ ಪೆಟ್ಟಿಗೆ ಬಿಚ್ಚಿದಾಗ ಮುಖ ಒಂದು ಬಣ್ಣ, ಎದೆ ಇನ್ನೊಂದು ಬಣ್ಣ.

ಆಗ ಶುರು ಶೃಂಗಾರ. ನಾನು ಕೂತು ನೋಡಿದ್ದೇನೆ. ಚಾಕ್ ಪಾಸ್ಟಲ್ ಕಡ್ಡಿಯನ್ನು ಬ್ಲೇಡಿನಿಂದ ಕಾಗದದ ಮೇಲೆ ಕೆರೆದು ವಿಭೂತಿಯಷ್ಟು ನುಣ್ಣಗೆ ಮಾಡುತ್ತಾಳೆ. ಇಟ್ಟಿಗೆಗೆಂಪಿಗೆ ಒಂದು ಚಿಟಿಕೆ ಕಂದು, ಅದಕ್ಕೆ ಸ್ವಲ್ಪ ಹಳದಿ. ಮೆತ್ತನೆಯ ಬ್ರಷ್ಷಿನಿಂದ ಗೊಂಬೆಯ ಕೊರಳಗುಳಿಗೆ, ಬೆರಳ ಗೆಣ್ಣಿಗೆ, ಮೊಣಕಾಲ ಚಿಪ್ಪಿಗೆ ಸವರುತ್ತಾಳೆ. ಪುಡಿ ಉದುರದಂತೆ ಮೇಲೊಂದು ಮ್ಯಾಟ್ ಸ್ಪ್ರೇ. ಅದರ ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು ಅಂತ ಬಣ್ಣದ ಕಾರ್ಖಾನೆಯವರು ಹಾಕುವಂಥ ಫಿಲ್ಟರ್ ಮಾಸ್ಕ್ ಕಟ್ಟಿಕೊಂಡು ತಾರಸಿಗೆ ಹೋಗುತ್ತಾಳೆ. ಗಾಳಿಯಲ್ಲಿ ತೇವವಿದ್ದರೆ ಸ್ಪ್ರೇ ಬೂದಿಬಣ್ಣಕ್ಕೆ ಮಂಕಾಗುತ್ತದೆಯಂತೆ. ಹಾಗಾಗಿ ಆಷಾಢದಲ್ಲಿ ಅವಳ ಗೊಂಬೆಗಳಿಗೂ ಶುಭಕಾರ್ಯ ಇಲ್ಲ. ಹುಬ್ಬು ತುಟಿ ಇಲ್ಲದೆ ಬೋಳುಮುಖ ಹೊತ್ತು ಬೆಂಗಳೂರಿನ ಮಳೆ ನಿಲ್ಲುವುದನ್ನು ಕಾಯುತ್ತವೆ.

ಇಷ್ಟು ಮಾಡಿ ಹೊಂದಿಸಿದ ಬಣ್ಣ ಉಳಿಯುತ್ತದೆಯೇ? ರೆಸಿನ್ನಿಗೆ ಬಿಸಿಲಿನ ಅತಿನೇರಳೆ ಕಿರಣ ಆಗಿಬರುವುದಿಲ್ಲ. ಬೆಳಕಿಗೆ ಇಟ್ಟಷ್ಟೂ ಹಳದಿ ತಿರುಗುತ್ತದೆ. ಕತ್ತಲ ಕಪಾಟಿನಲ್ಲಿಟ್ಟರೂ ನಿಧಾನವಾಗಿ ತಿರುಗುವುದು ತಪ್ಪಿದ್ದಲ್ಲ. ತಲೆ ಒಂದು ಕಂಪನಿಯದ್ದು, ಮೈ ಒಂದು ಕಂಪನಿಯದ್ದು ಆದ್ದರಿಂದ ಎರಡೂ ಒಂದೇ ವೇಗದಲ್ಲಿ ಹಳದಿಯಾಗುವುದಿಲ್ಲ. ಕಾರ್ನಾಡರ ನಾಟಕದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ದೇವದತ್ತನ ತಲೆಗೆ ಸಿಕ್ಕ ಕಪಿಲನ ಕಟ್ಟುಮಸ್ತಾದ ಮೈ ಬರಬರುತ್ತ ಮೆತ್ತಗಾಗಿ ಪಂಡಿತನ ಮೈಯೇ ಆಗಿಬಿಡುತ್ತದೆ. ತಲೆ ತನಗೆ ಬೇಕಾದಂತೆ ಮೈಯನ್ನು ತಿದ್ದಿಕೊಳ್ಳುತ್ತದೆ. ರೆಸಿನ್ನಿನ ದೇವದತ್ತನಿಗೆ ಆ ಯೋಗವಿಲ್ಲ. ಕೊಂಡ ದಿನ ಒಂದಾಗಿ ಕಂಡವರು ವರ್ಷ ಕಳೆದಂತೆ ತಮ್ಮ ತಮ್ಮ ಕಾರ್ಖಾನೆಯ ಗುಣ ತೋರಿಸುತ್ತಾರೆ. ವಿಕ್ರಮ ಈ ಬಳಗಕ್ಕೆ ಸೇರಿದ್ದರೆ ಬೇತಾಳಕ್ಕೆ ಅಷ್ಟು ಚುರುಕಾಗಿ ಉತ್ತರ ಕೊಡುತ್ತಿರಲಿಲ್ಲ. ಯಾವ ಸಾಲಿನ ಎರಕ, ಬಿಸಿಲಲ್ಲಿ ಇಟ್ಟಿದ್ದೆಯಾ, ಅಂತ ಮರುಪ್ರಶ್ನೆ ಹಾಕುತ್ತಿದ್ದ.

ಇನ್ನು ಶಸ್ತ್ರಚಿಕಿತ್ಸೆ. ತಲೆಯ ಕೊಕ್ಕೆಯಿಂದ ಹೊರಟ ಎಲಾಸ್ಟಿಕ್ ಕುಣಿಕೆ ಕತ್ತು, ಎದೆ, ಸೊಂಟ ಹಾದು ಎರಡೂ ಕಾಲಿಗೆ ಕವಲೊಡೆದು ಪಾದದವರೆಗೆ ಹೋಗುತ್ತದೆ. ಎರಡು ಕೈಗೆ ಅಡ್ಡವಾಗಿ ಇನ್ನೊಂದು ಕುಣಿಕೆ. ಅಂದರೆ ತಲೆ ಬಿಚ್ಚುವುದೆಂದರೆ ಕಾಲನ್ನೂ ಸಡಿಲಿಸಿದ ಹಾಗೆ. ಅವಳು ಗೊಂಬೆಯನ್ನು ಎರಡು ಮಂಡಿಯ ನಡುವೆ ಅದುಮಿ ಹಿಡಿದು, ನೆತ್ತಿಯ ಮುಚ್ಚಳ ತೆಗೆಯುತ್ತಾಳೆ. ಹೌದು, ನೆತ್ತಿ ಡಬ್ಬಿಯ ಮುಚ್ಚಳದಂತೆ ತೆರೆಯುತ್ತದೆ, ಅಯಸ್ಕಾಂತದಿಂದ ಕೂತಿರುತ್ತದೆ. ಒಳಗಿನ ಎಸ್ ಆಕಾರದ ಕೊಕ್ಕೆಯನ್ನು ಇಕ್ಕಳದಿಂದ ಹಿಡಿದು ಮೇಲಕ್ಕೆಳೆದು, ಅಡ್ಡ ತಿರುಗಿಸಿ ತೂತಿನಿಂದ ಕೆಳಗೆ ಇಳಿಸಬೇಕು. ಇಳಿಸಿದ ಕೂಡಲೇ ಎಲಾಸ್ಟಿಕ್ ಒಳಗೆ ಜಾರದಂತೆ ಕುಣಿಕೆಗೆ ಪೆನ್ಸಿಲ್ ತೂರಿಸಬೇಕು. ಒಂದು ದಿನ ಆ ಪೆನ್ಸಿಲ್ ಹಿಡಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. “ಮಾವ, ಉಸಿರು ಬಿಡಬೇಡ” ಅಂದಳು. ಬಿಡದೆ ಎಷ್ಟು ಹೊತ್ತು ಇರಲಿ? ಪೆನ್ಸಿಲ್ ಚಿಮ್ಮಿತು, ಕುಣಿಕೆ ಪಟ್ಟನೆ ಮೈಯೊಳಗೆ ಹೊಕ್ಕಿತು. ತೊಡೆ ಒಂದು ಕಡೆ, ಮೀನಖಂಡ ಒಂದು ಕಡೆ, ಒಂದು ಪಾದ ಫ್ರಿಜ್ಜಿನ ಅಡಿಗೆ. ಕೈಗಳ ಕುಣಿಕೆ ಬೇರೆಯಾದ್ದರಿಂದ ತೋಳು ಮಾತ್ರ ಭುಜದಲ್ಲೇ ಉಳಿದು, ಏನಾಯಿತು ಅಂತ ಕೇಳುವ ಭಂಗಿಯಲ್ಲಿ ಚಾಚಿಕೊಂಡಿದ್ದವು.

ಜಗಲಿಯಿಂದ ಬಂದು ನೋಡಿದ ನನ್ನ ತಾಯಿ, “ಶುಕ್ರವಾರದ ದಿನ ಏನ್ರೋ ಇದು ರುಂಡ ಮುಂಡ!” ಅಂದರು. ಅವರ ದಸರಾ ಮೆಟ್ಟಿಲಿನ ಪಟ್ಟದ ಗೊಂಬೆಗಳು ಮರದವು, ಜೋಡಿಯಾಗಿ ಬಂದವು, ತಲೆ ಮೈ ಒಂದೇ ಕೊರಡಿನದು. ಬದಲಾಯಿಸುವುದಿದ್ದರೆ ವರ್ಷಕ್ಕೊಮ್ಮೆ ಸೀರೆ ಬದಲಾಯಿಸಬೇಕು ಅಷ್ಟೆ.

ತಾಯಿಗೆ ನಾನು ಬರ್ಲಿನ್ನಿನ ಕಲಾವಿದ ಹಾನ್ಸ್ ಬೆಲ್ಮರ್ ಕಥೆ ಹೇಳಲಿಲ್ಲ, ಹೇಳಿದ್ದರೆ ಊಟ ಬಿಡುತ್ತಿದ್ದರು. ಬರ್ಲಿನ್ನಿನ ಮ್ಯೂಸಿಯಂನಲ್ಲಿದ್ದ ಹದಿನಾರನೆಯ ಶತಮಾನದ ಕೀಲುಗೊಂಬೆಗಳಿಂದ ಸ್ಫೂರ್ತಿ ಪಡೆದು 1930ರ ದಶಕದಲ್ಲಿ ಅವನು ಕಟ್ಟಿದ ಗೊಂಬೆಗೆ ಹೊಟ್ಟೆಯೇ ಒಂದು ಗುಂಡು. ಆ ಗುಂಡಿನ ಆ ಕಡೆಗೂ ಎರಡು ಕಾಲು, ಈ ಕಡೆಗೂ ಎರಡು ಕಾಲು ಜೋಡಿಸಿ ಫೋಟೋ ತೆಗೆದ ಮಹಾನುಭಾವ. ಆ ಫೋಟೋಗಳನ್ನು 1965ರಲ್ಲಿ ಪತ್ರಿಕೆಯೊಂದರಲ್ಲಿ ಕಂಡ ಜಪಾನಿನ ಯೋತ್ಸುಯಾ ಸಿಮೋನ್ ಅದುವರೆಗೆ ಮಾಡುತ್ತಿದ್ದ ಗೊಂಬೆಯ ದಾರಿ ಬಿಟ್ಟು ಗುಂಡುಕೀಲಿನ ದಾರಿ ಹಿಡಿದರು. ಹೀಗೆ ನೋಡಿದರೆ ಬೆರಕೆ ಮಾಡುವುದು ಈ ಕುಲದ ಹಳೇ ಚಾಳಿ. ಬೆಲ್ಮರ್ ಕಾಲಕ್ಕೆ ಅದು ಕಲೆ. ಈಗ ಅದಕ್ಕೆ ಟ್ರ್ಯಾಕಿಂಗ್ ನಂಬರ್ ಇದೆ.

ಟ್ರ್ಯಾಕಿಂಗ್ ಅಂದಾಗ ನೆನಪಾಯಿತು. ಇವು ಅಂಗಡಿಯಲ್ಲಿ ಸಿದ್ಧವಾಗಿ ಕೂತಿರುವ ಸರಕಲ್ಲ. ಬಹಳಷ್ಟು ಕಂಪನಿಗಳು ಹಣ ಬಂದಮೇಲೆಯೇ ಎರಕ ಹೊಯ್ಯುತ್ತವೆ, ಕೈ ಸೇರಲು ತಿಂಗಳುಗಟ್ಟಲೆ ಬೇಕು. ತಲೆ ಒಂದು ದೇಶದಿಂದ, ಮೈ ಒಂದು ದೇಶದಿಂದ ಹೊರಟರೆ ಮುಹೂರ್ತಕ್ಕೆ ಸರಿಯಾಗಿ ಇಬ್ಬರೂ ಬರುವುದುಂಟೇ? ಒಮ್ಮೆ ತಲೆ ಮೊದಲು ಬಂತು. ಪಾರ್ಸೆಲ್ ತಂದ ಹುಡುಗ ಚೀಟಿ ಓದಿ, “ಮೇಡಂ, ಒಂದು ತಲೆ ಅಂತ ಬರೆದಿದೆ” ಅಂದ. “ಹೌದು, ಮೈ ಮುಂದಿನ ತಿಂಗಳು ಬರುತ್ತೆ” ಅಂದಳು ಇವಳು, ಹಾಲಿನ ಲೆಕ್ಕ ಹೇಳುವ ಧಾಟಿಯಲ್ಲಿ. ಅವನು ಸಹಿ ಹಾಕಿಸಿಕೊಳ್ಳುವುದನ್ನೂ ಮರೆತು ಹೋದ.

ಮೈ ಬಂದಮೇಲೆ ಕತ್ತಿನ ತಕರಾರು ಇದ್ದೇ ಇತ್ತು, ಕೂದಲೆಳೆಯಷ್ಟು ದಪ್ಪ. ಮರಳು ಕಾಗದ ನೀರಿನಲ್ಲಿ ಅದ್ದಿ ಉಜ್ಜಿದಳು. ನೀರಿಲ್ಲದೆ ಉಜ್ಜಿದರೆ ರೆಸಿನ್ ಪುಡಿ ಮೂಗಿಗೆ ಹೋಗುತ್ತದೆ, ಅದು ಒಳ್ಳೆಯದಲ್ಲ. ತೂತು ದೊಡ್ಡದಾಗಿದ್ದರೆ ಒಳಗೆ ತೆಳುವಾದ ಸ್ವೇಡ್ ಚರ್ಮ ಅಂಟಿಸಿ ಬಿಗಿ ಮಾಡಬಹುದಿತ್ತು. ಉಜ್ಜುವುದಕ್ಕೆ ಮಾತ್ರ ಹಿಂದಕ್ಕೆ ಬರುವ ದಾರಿಯಿಲ್ಲ, ಸವೆದದ್ದು ಸವೆಯಿತು. ನಾಲ್ಕು ಸಲ ಉಜ್ಜಿ ಎಂಟು ಸಲ ತಲೆ ಕೂರಿಸಿ ನೋಡುವ ಅವಳ ತಾಳ್ಮೆ ಕಂಡು ಅವಳಮ್ಮನಿಗೆ ಹೊಟ್ಟೆಕಿಚ್ಚು: “ಇದರಲ್ಲಿ ಕಾಲುಭಾಗ ತಾಳ್ಮೆ ಬಂದ ಹುಡುಗರ ಫೋಟೋ ನೋಡೋಕೆ ಇದ್ದಿದ್ದರೆ!”

ಹೈಬ್ರಿಡ್‌ನ ಆರ್ಥಿಕ ನೀತಿಯೊಂದಿದೆ, ಅದನ್ನು ಹಣಕಾಸು ಸಚಿವರು ಗಮನಿಸಬೇಕು. ‘ಅ’ ಗೊಂಬೆಯ ತಲೆ ಚೆಂದ, ‘ಬ’ ಗೊಂಬೆಯ ಮೈ ಚೆಂದ ಅಂತ ಎರಡನ್ನೂ ಕೊಂಡು ಕೂಡಿಸಿದರೆ ಒಂದು ಸುಂದರಿ ತಯಾರು. ಉಳಿಯುವುದು ‘ಬ’ದ ತಲೆ ಮತ್ತು ‘ಅ’ದ ಮೈ. ಅವೆರಡನ್ನೇ ಕೂಡಿಸಿಬಿಡು ಅಂದರೆ ಹೊಂದುವುದಿಲ್ಲವಂತೆ. ಉಳಿದ ತಲೆಗೆ ಹೊಸ ಮೈ ಬೇಕು, ಉಳಿದ ಮೈಗೆ ಹೊಸ ತಲೆ ಬೇಕು. ಹೊಸ ಮೈಗೆ ಹಳೆಯ ರವಿಕೆ ಹಿಡಿಯದು, ಜೋಡು ಹಿಡಿಯದು, ಆದ್ದರಿಂದ ಬಟ್ಟೆಬರೆಯೂ ಹೊಸದೇ. ಖರ್ಚು ಉಳಿಸಲು ಬೆರಕೆ ಮಾಡುತ್ತೇನೆ ಅಂತ ಶುರುಮಾಡಿದವಳ ಮನೆಯಲ್ಲಿ ಕಪಾಟು ಎರಡಾಯಿತು.

ಬೇಡವಾದದ್ದನ್ನು ಮಾರುವುದೂ ಉಂಟು, ಅಲ್ಲಿನ ಶಿಸ್ತು ನೋಡಿ ನಾನು ಬೆರಗಾದೆ. ಮೈಯನ್ನು ಕಿಟಕಿಯ ಬೆಳಕಿನಲ್ಲಿ ಮಲಗಿಸಿ, ಪಕ್ಕದಲ್ಲಿ ಬಿಳಿ ಕಾಗದ ಇಟ್ಟು ಫೋಟೋ ತೆಗೆಯಬೇಕು. ಎಷ್ಟು ಹಳದಿ ತಿರುಗಿದೆ ಎಂದು ಕೊಳ್ಳುವವರಿಗೆ ತಿಳಿಯಲಿ ಅಂತ. ಯಾವ ಬೆರಳು ಮುಕ್ಕಾಗಿದೆ, ಎಲ್ಲಿ ಉಜ್ಜಿದೆ, ಎಲ್ಲಿ ಬಣ್ಣ ಹತ್ತಿದೆ, ಯಾವ ವರ್ಷ ಕೊಂಡದ್ದು, ಎಲ್ಲ ಬರೆಯಬೇಕು. ನಮ್ಮಲ್ಲಿ ಮದುವೆಗೆ ಕಳಿಸುವ ಹುಡುಗರ ಫೋಟೋ ಪಕ್ಕದಲ್ಲೂ ಒಂದು ಬಿಳಿ ಕಾಗದ ಇರಲಿ ಅಂತ ಕಾನೂನು ತಂದರೆ ಎಷ್ಟು ಛತ್ರಗಳು ಖಾಲಿ ಬೀಳುತ್ತಿದ್ದವೋ. ಮೂಲದ ಕಾಗದಪತ್ರವನ್ನೂ ಕೇಳುತ್ತಾರೆ. ಒರಿಜಿನಲ್ ಗೊಂಬೆಯಿಂದ ಅಚ್ಚು ತೆಗೆದು ಕಳ್ಳ ಎರಕ ಹೊಯ್ಯುವವರೂ ಇದ್ದಾರೆ, ಅಂಥ ತಲೆ ಬಂದರೆ ಬಳಗದಲ್ಲಿ ಬಹಳ ಜನ ಮಾತು ಬಿಡುತ್ತಾರೆ.

ಹೋದ ವಾರ ಅವಳು ಒಂದು ಮೈ ಮಾರಾಟಕ್ಕೆ ಇಟ್ಟಳು. ವಿವರ ಬರೆದು ನನಗೆ ಓದಿ ಹೇಳಿದಳು: ಕತ್ತು ಸ್ವಲ್ಪ ಉಜ್ಜಿದೆ, ಎಡ ಹಿಮ್ಮಡಿಯಲ್ಲಿ ಗೀರು, ಒಮ್ಮೆ ಫ್ರಿಜ್ಜಿನ ಕೆಳಗೆ ಹೋಗಿತ್ತು.

“ಫ್ರಿಜ್ಜಿನ ವಿಷಯ ಯಾಕೇ ಬರೀತೀಯ?”

“ಗೀರು ಹೇಗಾಯ್ತು ಅಂತ ಕೇಳ್ತಾರೆ ಮಾವ. ನಿನ್ನ ಹೆಸರು ಹಾಕಿಲ್ಲ.”

ಸಂಜೆಯೊಳಗೆ ಪುಣೆಯಿಂದ ಯಾರೋ ವಿಚಾರಿಸಿದರು. ಅವರ ಹತ್ತಿರ ಮೈಯಿಲ್ಲದ ತಲೆಯೊಂದು ಎಷ್ಟೋ ದಿನದಿಂದ ಕೂತಿದೆಯಂತೆ. ಕತ್ತಿನ ಅಳತೆ ಕಳಿಸಿದ್ದಾರೆ, ಅರ್ಧ ಸೆಂಟಿಮೀಟರ್ ಬಿಗಿ. ಇವಳು ಅವರಿಗೆ ಉಜ್ಜುವುದು ಹೇಗೆ ಅಂತ ಫೋನಿನಲ್ಲಿ ಹೇಳಿಕೊಡುತ್ತಿದ್ದಾಳೆ. ಅಡುಗೆಮನೆಯಿಂದ ಅವಳಮ್ಮ, ಪುಣೆಯವರು ಹುಡುಗನೋ ಹುಡುಗಿಯೋ ಕೇಳು ಅಂತ ನನಗೆ ಸನ್ನೆ ಮಾಡುತ್ತಿದ್ದಾಳೆ.