ಓಡಬಾರದ ಟ್ರಾಮು

ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಭಾನುವಾರ ನಡೆಯುವ ಹಳೆಯ ಆಟಿಕೆಗಳ ಸಂತೆಗೆ ಹೋದವರಿಗೆ ಪುಟ್ಟ ಟ್ರಾಮುಗಳ ಈ ಸಂಗ್ರಾಹಕರು ಸಿಕ್ಕೇ ಸಿಗುತ್ತಾರೆ. ವಯಸ್ಸು ಐವತ್ತರ ಆಚೆ, ಜೇಬಿನಲ್ಲಿ ಭೂತಗನ್ನಡಿ, ಕೈಗೆ ಬಿಳಿ ಹತ್ತಿಯ ಗವಸು. ಎದುರಿಗೆ ಎರಕದ ಲೋಹದ ಪುಟ್ಟ ಟ್ರಾಮು ಕೂತಿದ್ದರೂ ಇವರ ಕಣ್ಣು ಮೊದಲು ಹೋಗುವುದು ಅದರ ರಟ್ಟಿನ ಡಬ್ಬಿಯ ಮೇಲೆ. ಡಬ್ಬಿಯ ಮೂಲೆ ಜಜ್ಜಿದ್ದರೆ ವ್ಯಾಪಾರ ಮುರಿಯಿತು. ಇವರ ಮನೆಯಲ್ಲಿ ವರ್ಷವಿಡೀ ಗೊಂಬೆ ಹಬ್ಬ. ಆದರೆ ನಮ್ಮಲ್ಲಿ ಗೊಂಬೆ ನೋಡಲು ಬಂದ ಮಕ್ಕಳ ಕೈಗೆ ತಿಂಡಿ ಬೀಳುತ್ತದೆ. ಅಲ್ಲಿ ಮಕ್ಕಳು ಆ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಇಷ್ಟೆಲ್ಲ ಮಡಿಯನ್ನು ನೋಡಿದ ಲೋಕ, ಟ್ರಾಮಿನ ಮೇಲೆ ಇವರಿಗೆ ಎಂಥಾ ಪ್ರೀತಿ ಎಂದು ಬೆರಗಾಗುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಇವರು ಮೆಚ್ಚಿಕೊಂಡಿರುವುದು ಟ್ರಾಮು ನಿಂತುಹೋದದ್ದನ್ನು.

ಲಂಡನ್ನನ್ನೇ ನೋಡಿ. ಅಲ್ಲಿನ ಕೊನೆಯ ಟ್ರಾಮು ಓಡಿದ್ದು 1952ರ ಜುಲೈನಲ್ಲಿ. ಗಾಡಿಗಳನ್ನು ಚಾರ್ಲ್‌ಟನ್ನಿನ ಬಯಲಿಗೆ ಒಯ್ದು ಬೆಂಕಿ ಇಟ್ಟರು. ಮ್ಯಾಚ್‌ಬಾಕ್ಸ್ ಆಟಿಕೆಗಳ ಲೆಸ್ನಿ ಕಂಪನಿ ತನ್ನ ‘ಮಾಡೆಲ್ಸ್ ಆಫ್ ಯೆಸ್ಟರ್‌ಇಯರ್’ ಮಾಲೆಯಲ್ಲಿ 1907ರ ಲಂಡನ್ ಟ್ರಾಮನ್ನು ಎರಕ ಹೊಯ್ದದ್ದು 1956ರಲ್ಲಿ. ಬೂದಿ ಆರಿದ ಮೇಲೆ ವಿಗ್ರಹ! ಹಾಗಾದರೆ ಲಿವರ್‌ಪೂಲಿನ ಡಿಂಕಿಯವರು 1934ರಲ್ಲೇ, ಬೀದಿಯಲ್ಲಿ ಟ್ರಾಮುಗಳು ಗಣಗಣ ಓಡುತ್ತಿದ್ದಾಗಲೇ, ಪುಟ್ಟ ಟ್ರಾಮು ಮಾರಿದರಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಅದನ್ನು ಕೊಂಡವರು ಮಕ್ಕಳು. ಅವರು ಅದನ್ನು ನೆಲದ ಮೇಲೆ ಓಡಿಸಿದರು, ಮೆಟ್ಟಿಲ ಮೇಲಿಂದ ಬೀಳಿಸಿದರು, ಅಂದರೆ ಟ್ರಾಮನ್ನು ಟ್ರಾಮಿನಂತೆಯೇ ನಡೆಸಿಕೊಂಡರು. ಇಂದು ಅದಕ್ಕೆ ಬೆಲೆ ಬರುವುದು ಯಾವ ಮಗುವೂ ಮುಟ್ಟದೆ ಉಳಿದಿದ್ದರೆ ಮಾತ್ರ. ಗಾಡಿ ಎಷ್ಟು ಕಡಿಮೆ ಓಡಿದೆಯೋ ಅಷ್ಟು ಹೆಚ್ಚು ದುಡ್ಡು. ಇದರಲ್ಲಿ ಒಂದು ತಮಾಷೆಯೂ ಇದೆ. ಆ ಕಾಲದ ಸತುವಿನ ಮಿಶ್ರಲೋಹದಲ್ಲಿ ಚೂರು ಸೀಸ ಬೆರೆತಿದ್ದರೂ ಸಾಕು, ಡಬ್ಬಿಯೊಳಗೆ ಸುಮ್ಮನೆ ಕೂತ ಗಾಡಿ ತಾನಾಗಿ ಉಬ್ಬಿ, ಬಿರುಕು ಬಿಟ್ಟು ಪುಡಿಯಾಗುತ್ತದೆ. ಮಡಿಗೂ ಜಗ್ಗದ ರೋಗವಿದು.

ಅಮೆರಿಕದ ಕಥೆಗೆ ಇನ್ನಷ್ಟು ಉಪ್ಪುಖಾರ ಇದೆ. ಮೋಟಾರು ಕಾರಿನ ಹೊಡೆತಕ್ಕೆ ಕಂಗಾಲಾದ ಟ್ರಾಮು ಕಂಪನಿಗಳ ಅಧ್ಯಕ್ಷರು 1929ರಲ್ಲಿ ಒಟ್ಟುಸೇರಿ ಒಂದು ಸಮಿತಿ ಮಾಡಿದರು. ಸಮಿತಿಯಿಂದ ಕೆಲಸವಾಗುವುದು ಲೋಕದಲ್ಲಿ ಅಪರೂಪ, ಇಲ್ಲಿ ಆಯಿತು. ಸದ್ದಿಲ್ಲದೆ, ಜರ್ಕಿಲ್ಲದೆ ಓಡುವ, ಆ ಸಮಿತಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನೇ ಹೊತ್ತ ಪಿಸಿಸಿ ಟ್ರಾಮು 1936ರಲ್ಲಿ ಬ್ರೂಕ್ಲಿನ್ನಿನಲ್ಲಿ ಬೀದಿಗಿಳಿಯಿತು. ಉತ್ತರ ಅಮೆರಿಕಕ್ಕೆಂದೇ ಸುಮಾರು 5,000 ತಯಾರಾದವು. ಕಾರ್ಗಿ ಕಂಪನಿ ಇದನ್ನೇ ಐವತ್ತರಲ್ಲೊಂದು ಪಾಲಿಗೆ ಇಳಿಸಿ ಹನ್ನೊಂದು ಅಂಗುಲದ ಗೊಂಬೆ ಮಾಡಿ, ಅದಕ್ಕೆ ಊರಿಗೊಂದು ಬಣ್ಣ ಬಳಿದು ಮಾರಿತು. “ಎಲ್ಲಾ ಒಂದೇ ಥರ ಇವೆಯಲ್ಲ?” ಎಂದು ಮನೆಯವರು ಕೇಳಿದರೆ ಸಂಗ್ರಾಹಕರಿಗೆ ರಕ್ತದೊತ್ತಡ ಏರುತ್ತದೆ. ಟ್ರಾಮನ್ನು ಕೊಂದವರು ಯಾರೆಂದು ಕೇಳಿದರಂತೂ ಉತ್ತರ ನಾಲಿಗೆಯ ತುದಿಯಲ್ಲೇ ಇದೆ: ಜನರಲ್ ಮೋಟಾರ್ಸ್! 1949ರಲ್ಲಿ ಆ ಕಂಪನಿಗೂ ಜೊತೆಯವರಿಗೂ ಶಿಕ್ಷೆಯಾದದ್ದು ಹೌದು. ಆದರೆ ಸಾಬೀತಾದ ಅಪರಾಧ, ಬಸ್ಸು ಮತ್ತಿತರ ಸರಕುಗಳ ಮಾರಾಟವನ್ನು ತಮ್ಮ ಮುಷ್ಟಿಯಲ್ಲೇ ಇಟ್ಟುಕೊಳ್ಳಲು ಮಾಡಿದ ಒಳಸಂಚು. ದಂಡ ಕಂಪನಿಗೆ 5,000 ಡಾಲರ್, ಅದರ ಖಜಾಂಚಿಗೆ 1 ಡಾಲರ್. ಅದಕ್ಕೂ ಎಷ್ಟೋ ಮೊದಲೇ ಜನ ತಾವಾಗಿ ಕಾರು ಕೊಂಡು ಟ್ರಾಮಿಗೆ ಬೆನ್ನು ತಿರುಗಿಸಿದ್ದರು ಎಂಬ ಮಾತು ಸಂಗ್ರಾಹಕರ ಕಿವಿಗೆ ಬೀಳುವುದಿಲ್ಲ. ಕೊಲೆಗಾರನೊಬ್ಬನಿದ್ದರೆ ತಿಥಿಗೆ ಒಂದು ಕಳೆ. ತಿಥಿ ಮುಗಿಸಿ ಇವರು ಮನೆಗೆ ಮರಳುವುದೂ ಕಾರಿನಲ್ಲೇ.

ಇಷ್ಟೆಲ್ಲ ಗೇಲಿ ಮಾಡುವವರಿಗೆ ಒಂದು ಗಟ್ಟಿ ಆಕ್ಷೇಪಣೆ ಎದುರಾಗುತ್ತದೆ: ಯಾವ ಊರಿನ ಟ್ರಾಮಿಗೆ ಯಾವ ಹಳದಿ, ಪಟ್ಟಿ ಎಷ್ಟು ಅಗಲ ಎಂದು ಲೆಕ್ಕ ಇಟ್ಟವರು ಇಂಥವರೇ ಅಲ್ಲವೇ? ಒಪ್ಪಬೇಕಾದ ಮಾತು. ಸ್ಯಾನ್ ಫ್ರಾನ್ಸಿಸ್ಕೊ 1995ರಲ್ಲಿ ಎಫ್ ಮಾರ್ಗವನ್ನು ಶುರುಮಾಡಿದಾಗ ಫಿಲಡೆಲ್ಫಿಯಾದಿಂದ ಹಳೆಯ ಪಿಸಿಸಿಗಳನ್ನು ಕೊಂಡು ತಂದು, ಬೇರೆಬೇರೆ ಊರುಗಳ ಬಣ್ಣ ಹಚ್ಚಿ ಹಳಿಗೆ ಬಿಟ್ಟಿತು. ಊರಿಗೆ ಊರೇ ಸಂಗ್ರಾಹಕನಾದಾಗ ಇಂಥ ಕಣ್ಣು ಬೇಕೇ ಬೇಕು. ಆದರೂ ನಮ್ಮ ಮಹಾಶಯರು ಅಲ್ಲಿ ನಿಂತರೆ ಮುಖ ಹುಳ್ಳಗೆ. ಲಾಸ್ ಏಂಜಲೀಸ್ ರೈಲ್ವೆಯ ವೇಷ ತೊಟ್ಟ ಗಾಡಿ ಎದುರಿಗೆ ಬಂದರೆ, “ಆ ಊರಿನ ಹಳಿಯ ಅಗಲ 3 ಅಡಿ 6 ಅಂಗುಲ, ಇಲ್ಲಿಯದು 4 ಅಡಿ 8½ ಅಂಗುಲ” ಎಂದು ತಕರಾರು. ಲೆಕ್ಕವೇನೋ ಸರಿಯೇ. ಆದರೆ ಬಾಯಿಬಿಟ್ಟು ಹೇಳದ ತಕರಾರು ಬೇರೆಯೇ ಇದ್ದಂತಿದೆ: ಈ ಟ್ರಾಮು ಚಲಿಸುತ್ತದೆ, ಡಬ್ಬಿಯಿಲ್ಲ, ಕೆಸರುಗಾಲಿನವರೂ ಹತ್ತುತ್ತಾರೆ, ಬಾಗಿಲ ಬಳಿ ಬಣ್ಣ ಕೆರೆದುಹೋಗಿದೆ. ಟಿಕೆಟ್ ತೆಗೆದುಕೊಂಡರೆ ಸಾಕು, ಗವಸು ಹಾಕದವರಿಗೂ ಅದರಲ್ಲಿ ಸೀಟು ಸಿಗುತ್ತದೆ.