ಎರಡು ಎಕ್ಕ ಕೈಗೆ ಬಂದಾಗ

ರಾಯರೇ, ಶನಿವಾರ ಪಣಜಿಗೆ ಹೊರಟಿದ್ದೀರಿ, ಮಾಂಡೋವಿ ನದಿಯಲ್ಲಿ ನಿಂತಿರೋ ಹಡಗಿನಲ್ಲಿ ಪೋಕರ್ ಮೇಜಿಗೆ ಕೂರ್ತೀರಿ ಅಂದಿರಲ್ಲ, ಅದಕ್ಕೇ ಕರೆದೆ. ಇನ್ನೊಂದು ಸ್ವಲ್ಪ ಈ ಕಡೆ ಬನ್ನಿ, ಗೋಡೆ ಮೇಲಿನ ಕುಂಡ ಬೀಳುತ್ತೆ, ಹುಷಾರು. ನೀವು ಇಷ್ಟು ದಿನ ಆಡಿದ್ದು ಫೋನಿನಲ್ಲಿ. 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟು ಆನ್‌ಲೈನ್ ಆಟದ ಮೇಲಿನ ರಾಜ್ಯದ ನಿಷೇಧವನ್ನು ರದ್ದು ಮಾಡಿತ್ತು ನಿಜ, ಆದರೆ 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನೇ ಬಂತು. ಕೌಶಲದ ಆಟವೋ ಅದೃಷ್ಟದ್ದೋ, ಹಣ ಕಟ್ಟಿ ಆನ್‌ಲೈನ್ ಆಡೋದೇ ಬಂದ್. ಈಗ ನಿಮಗೆ ಉಳಿದಿರೋದು ಮೇಜು. ಮೇಜಿನ ಆಟವೇ ಬೇರೆ ಕಣ್ರೀ.

ಕೆಟ್ಟ ಎಲೆ ಯಾರನ್ನೂ ಮುಳುಗಿಸಲ್ಲ, ಪ್ಯಾಕ್ ಮಾಡಿ ಕೂರ್ತೀವಿ. ಮುಳುಗಿಸೋದು ಒಳ್ಳೆ ಎಲೆ. ಲೆಕ್ಕ ಹೇಳ್ತೀನಿ ಕೇಳಿ. ಹೋಲ್ಡೆಮ್‌ನಲ್ಲಿ ಕೈಗೆ ಬರೋದು ಎರಡೇ ಎಲೆ. 52 ಎಲೆಯಲ್ಲಿ ಅಂಥ ಜೊತೆ ಒಟ್ಟು 1,326, ಅದರಲ್ಲಿ ಎಕ್ಕದ ಜೋಡಿ ಆರೇ ಆರು. ಅಂದರೆ 221 ಕೈಗೆ ಒಂದು ಸಲ. ಮೇಜಿನಲ್ಲಿ ಡೀಲರ್ ಕಲೆಸಬೇಕು, ಹಂಚಬೇಕು, ಚಿಪ್ಪು ಎಣಿಸಬೇಕು, ಮಧ್ಯೆ ಒಬ್ಬರು ಟೀ ತರಿಸ್ತಾರೆ. ಗಂಟೆಗೆ 30 ಕೈ ಆದರೆ ಹೆಚ್ಚು. ಏಳು ಗಂಟೆ ಕೂತರೆ ಸರಾಸರಿ ಒಂದು ಸಲ ಎಕ್ಕದ ಜೋಡಿ! ಫೋನಿನಲ್ಲಿ ನಾಲ್ಕು ಮೇಜು ಒಟ್ಟಿಗೆ ತೆರೆದು ಆಡಿದ ನಿಮಗೆ ಅದು ಒಂದೇ ಸಂಜೆಯಲ್ಲಿ ಹಲವು ಸಲ ಬಂದಿರುತ್ತೆ, ಹೋಗಿರುತ್ತೆ. ಇಲ್ಲಿ ಅರ್ಧ ದಿನ ಕಾದು ಬಂದದ್ದನ್ನು ಬಿಡೋಕೆ ಮನಸ್ಸೇ ಬರಲ್ಲ. ರೋಗ ಇರೋದೇ ಅಲ್ಲಿ.

ಮೊದಲು ಎಷ್ಟು ಇಡಬೇಕು ಅನ್ನೋದು ನೋಡಿ. ಬ್ಲೈಂಡ್ 100–200 ಅಂದುಕೊಳ್ಳಿ. ನಿಮ್ಮ ಸರದಿ ಬರೋ ಹೊತ್ತಿಗೆ ಮೂವರು ತಲಾ 200 ಹಾಕಿ ಸುಮ್ಮನೆ ಒಳಗೆ ಬಂದಿರ್ತಾರೆ. ಗೋವಾದ ಮೇಜಿನಲ್ಲಿ ಇದು ದಿನನಿತ್ಯದ ದೃಶ್ಯ, ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯಿಂದ ರಜೆಗೆ ಬಂದವರು ಫ್ಲಾಪ್ ನೋಡದೆ ಎಲೆ ಬಿಸಾಕಲ್ಲ. ನೀವು ಫೋನಿನ ಅಭ್ಯಾಸದಲ್ಲಿ 500 ಇಟ್ಟಿರಿ ಅನ್ನಿ. ಅವರಿಗೆ ಇನ್ನು ಕೊಡಬೇಕಾದ್ದು ಬರೀ 300. ಅಷ್ಟೂ ಜನ ಬರ್ತಾರೆ. ಅಲ್ಲಿ ಇಡಬೇಕಾದ್ದು ದೊಡ್ಡ ಬ್ಲೈಂಡಿನ ಐದು ಪಟ್ಟು, ಜೊತೆಗೆ ಒಳಗಿರೋ ಒಬ್ಬೊಬ್ಬರಿಗೂ ಇನ್ನೊಂದೊಂದು ಪಟ್ಟು. ಅಂದರೆ 1,600.

ಎಲ್ಲರನ್ನೂ ಓಡಿಸೋದಕ್ಕೆ ಅಂತೀರಾ? ಅಲ್ಲ ರಾಯರೇ, ಎಷ್ಟೋ ವರ್ಷದಿಂದ ಆಡೋರೂ ಎಡವೋದು ಇದರಲ್ಲೇ. ಎದುರಿಗೆ ಯಾವುದೋ ಎರಡೆಲೆ ಹಿಡಿದವನು ಒಬ್ಬನೇ ಇದ್ದರೆ ಎಕ್ಕದ ಜೋಡಿ ನೂರಕ್ಕೆ 85 ಸಲ ಗೆಲ್ಲುತ್ತೆ. ನಾಲ್ವರಿದ್ದರೆ 56 ಸಲ. 56 ಕಡಿಮೆ ಅನ್ನಿಸುತ್ತೆ, ಆದರೆ ಐವರು ದುಡ್ಡು ಹಾಕಿದ ಪಾಟಿನಲ್ಲಿ ನಿಮ್ಮ ಹಣ ಐದರಲ್ಲಿ ಒಂದು ಪಾಲು, ಗೆಲ್ಲೋ ಅವಕಾಶ ಅರ್ಧಕ್ಕಿಂತ ಜಾಸ್ತಿ. ಜನ ಬರೋದು ನಷ್ಟ ಅಲ್ಲ. ಪುಕ್ಕಟೆಯಾಗಿ ಬರೋದು ನಷ್ಟ. ಕಂಡಕ್ಟರ್ ಯಾರನ್ನೂ ಬಸ್ಸಿಂದ ಇಳಿಸೋಕೆ ನಿಂತಿರಲ್ಲ, ಹತ್ತಿದವರೆಲ್ಲ ಪೂರಾ ಟಿಕೆಟ್ ತಗೊಳ್ಳಲಿ ಅಂತ ನಿಂತಿರ್ತಾನೆ. ನಿಮ್ಮ 1,600 ಆ ಟಿಕೆಟ್ಟು. ಐದರ ಜೋಡಿ ಹಿಡಿದವನಿಗೆ ಫ್ಲಾಪಿನಲ್ಲಿ ಮೂರನೇ ಐದು ಸಿಗೋದು ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ. 300ಕ್ಕೆ ಆ ಆಸೆ ಅಗ್ಗ. 1,400 ಕೊಟ್ಟು ನೋಡು ಅಂದರೆ ಅವನ ಮುಖ ಬೇರೆ ಆಗುತ್ತೆ.

ಇನ್ನು ಕೆಲವರು ಎಕ್ಕ ಬಂದ ಕೂಡಲೇ ಏನೂ ಇಲ್ಲದವರ ಹಾಗೆ 200 ಹಾಕಿ ಕಾಯ್ತಾರೆ, ಹಿಂದಿನವನು ಏರಿಸಲಿ, ಆಮೇಲೆ ಹಿಡೀತೀನಿ ಅಂತ. ಹಿಂದೆ ಮಾತುಮಾತಿಗೆ ಏರಿಸೋ ಹುಡುಗ ಕೂತಿದ್ದರೆ ಸರಿ. ಇಲ್ಲದಿದ್ದರೆ ಅದು ಶುದ್ಧ ತಪ್ಪು. ಯಾರೂ ಏರಿಸಲ್ಲ, ಆರು ಜನ ಅಗ್ಗದಲ್ಲಿ ಫ್ಲಾಪ್ ನೋಡ್ತಾರೆ. ಎಕ್ಕಕ್ಕೆ 1,600, ಗುಲಾಮನ ಜೋಡಿಗೆ 1,000 ಅನ್ನೋ ಭೇದವೂ ಬೇಡ, ಮೇಜಿನಲ್ಲಿ ಕಣ್ಣಿರೋರು ಅರ್ಧ ಗಂಟೆಯಲ್ಲಿ ಓದಿಬಿಡ್ತಾರೆ. ಎಲೆಯನ್ನೂ ಹಂಚಿದ ತಕ್ಷಣ ಎತ್ತಿ ನೋಡಬೇಡಿ, ಸರದಿ ಬಂದಾಗ ನೋಡಿ. ಒಳ್ಳೆ ಎಲೆ ಕಂಡವನು ತನಗೇ ಗೊತ್ತಿಲ್ಲದೆ ಬೆನ್ನು ನೆಟ್ಟಗೆ ಮಾಡ್ತಾನೆ, ಕೈ ಚಿಪ್ಪಿನ ಕಡೆ ಹೋಗುತ್ತೆ.

ಗುಲಾಮನ ಜೋಡಿಯನ್ನು ಜನ ವೃಥಾ ಬೈಯ್ತಾರೆ. ಫ್ಲಾಪಿನಲ್ಲಿ ರಾಣಿ, ರಾಜ ಅಥವಾ ಎಕ್ಕ ಬೀಳೋದು ನೂರಕ್ಕೆ 57 ಸಲ, ಅದನ್ನು ಗೊತ್ತಿಟ್ಟುಕೊಂಡು ಆಡಿದರೆ ಒಳ್ಳೆ ಕೈಯೇ. ರಾಜನ ಜೋಡಿಗೆ ಎಕ್ಕದ ಭಯ 23 ಸಲ ಮಾತ್ರ. ಎಕ್ಕ–ರಾಜ ನೋಡೋಕೆ ಚೆಂದ, ಆದರೆ ಅದಿನ್ನೂ ಜೋಡಿ ಆಗಿಲ್ಲ, ಫ್ಲಾಪಿನಲ್ಲಿ ಜೋಡಿ ಆಗೋದು ಮೂರಕ್ಕೊಂದು ಸಲ.

ಕಷ್ಟ ಇರೋದು ಆಮೇಲೆ. ಗೋವಾದ ಮೇಜಿನಲ್ಲಿ ಕಂಡ ಒಂದು ಕೈ ಹೇಳ್ತೀನಿ. ಆಟಿನ್ ಎಕ್ಕ, ಇಸ್ಪೀಟ್ ಎಕ್ಕ ಹಿಡಿದ ಹುಡುಗ 1,600ಕ್ಕೆ ಏರಿಸಿದ, ಇಬ್ಬರು ಬಂದರು. ಫ್ಲಾಪು ಗುಲಾಮ, ಹತ್ತು, ಎಂಟು. ಹುಡುಗ 3,000 ಇಟ್ಟ, ಒಬ್ಬರು ಬಿಟ್ಟರು, ಮೂಲೆಯಲ್ಲಿ ಕೂತ ಹಿರಿಯರು ಬಂದರು. ಸಂಜೆಯಿಂದ ಆ ಹಿರಿಯರು ಒಮ್ಮೆಯೂ ಏರಿಸಿರಲಿಲ್ಲ, ಬರೀ ಕಾಲ್, ಕಾಲ್. ಟರ್ನು ಎರಡು. ಹುಡುಗ 6,000 ಇಟ್ಟ. ಹಿರಿಯರು ಕನ್ನಡಕ ಸರಿ ಮಾಡಿಕೊಂಡು, ಚಿಪ್ಪನ್ನು ನಾಲ್ಕು ಸಾಲಾಗಿ ಜೋಡಿಸಿ, ಎರಡೂ ಕೈಯಲ್ಲಿ ನಿಧಾನವಾಗಿ ಮುಂದೆ ತಳ್ಳಿದರು. 18,000. ಹುಡುಗ ಮತ್ತೆ 12,000 ಕೊಡಬೇಕು, ರಿವರ್ ಇನ್ನೂ ಬಾಕಿ. ಅವನು ಅವರನ್ನೇ ನೋಡ್ತಾ ತುಂಬಾ ಹೊತ್ತು ಕೂತ, ಆಮೇಲೆ ಎರಡೂ ಎಕ್ಕವನ್ನು ಮೇಲ್ಮುಖ ಮಾಡಿ ತೋರಿಸಿ ಬಿಟ್ಟ. ಪಕ್ಕದವರು ‘ಎಕ್ಕ ಬಿಡ್ತಾರೇನ್ರೀ!’ ಅಂತ ಕೂಗಿದರು. ಹಿರಿಯರು ತಮ್ಮ ಎಲೆಯನ್ನೂ ತಿರುಗಿಸಿದರು: ಒಂಬತ್ತು, ಏಳು. ಏಳರಿಂದ ಗುಲಾಮನವರೆಗೆ ಸೀಕ್ವೆನ್ಸ್, ಅದೂ ಫ್ಲಾಪಿನಲ್ಲೇ. ಆ ರಾತ್ರಿ ಅಲ್ಲಿ ನಡೆದದ್ದರಲ್ಲಿ ಅತ್ಯುತ್ತಮ ಆಟ ಆ ಹುಡುಗನದು, ಪಾಟು ಗೆದ್ದವರದ್ದಲ್ಲ.

ಫ್ಲಾಪ್ ಬಿದ್ದ ಮೇಲೆ ಎಕ್ಕದ ಜೋಡಿ ಅಂದರೆ ಬರೀ ಒಂದು ಜೋಡಿ. ಬಾಯಿಬಡುಕ ಹುಡುಗ ಏರಿಸಿದರೆ ಕಾಲ್ ಮಾಡಿ ನೋಡಿ, ಬೇಡ ಅನ್ನಲ್ಲ. ಇಡೀ ಸಂಜೆ ಸುಮ್ಮನಿದ್ದವರು ಟರ್ನಿನಲ್ಲೋ ರಿವರ್‌ನಲ್ಲೋ ಏರಿಸಿದರೆ ಅದು ನಿಜ. ಇಂಥ ಮೇಜಿನಲ್ಲಿ ಸುಳ್ಳೇ ಏರಿಸೋರು ತೀರಾ ಕಡಿಮೆ. ಬಿಟ್ಟುಬಿಡಿ. ಏಳು ಗಂಟೆ ಕಾದದ್ದಕ್ಕೂ ಈಗ ಕೊಡಬೇಕಾದ 12,000ಕ್ಕೂ ಯಾವ ಸಂಬಂಧವೂ ಇಲ್ಲ. ರಾಯರೇ, ಇದೊಂದು ಮಾತನ್ನು ದಯವಿಟ್ಟು ನೆನಪಿಡಿ, ನಿಮ್ಮ ಮನೆಯವರ ಮುಖ ನೋಡಿ ಕೇಳ್ತಿದ್ದೀನಿ.

ಮತ್ತೆ, ಕೂರೋ ಮುಂಚೆ ಡೀಲರನ್ನು ಕೇಳಿ, ಒಂದೊಂದು ಪಾಟಿನಿಂದ ಕ್ಯಾಸಿನೊ ಎಷ್ಟು ರೇಕ್ ತೆಗೆಯುತ್ತೆ, ಗರಿಷ್ಠ ಎಷ್ಟು ಅಂತ. ಎಷ್ಟು ದುಡ್ಡು ಹೋದರೂ ಮನೆ ಖರ್ಚಿಗೆ ತೊಂದರೆ ಇಲ್ಲವೋ ಅಷ್ಟನ್ನೇ ತಗೊಂಡು ಹೋಗಿ, ಕಾರ್ಡನ್ನು ಮನೆಯಲ್ಲೇ ಬಿಟ್ಟು ಹೋಗಿ.